ಪುಟ್ಟಿ ಹಾಕದ ಪ್ರಶ್ನೆ ಚಿಹ್ನೆ

ನನ್ನ ನಾದಿನಿಗೆ ಅರವತ್ತು ದಾಟಿದೆ, ಆದರೂ ಅವಳು ಪುಟ್ಟಿಯೇ. ಅವಳಣ್ಣ, ಅಂದರೆ ನಮ್ಮ ಮನೆಯವರು, ಇಟ್ಟ ಹೆಸರು. ಅವರು ಹೋದರು, ಹೆಸರು ಮನೆಯಲ್ಲೇ ಉಳಿಯಿತು. ಎರಡನೇ ಮಹಡಿಯ ಎರಡು ಕೋಣೆಯಲ್ಲಿ ಈಗ ನಾವಿಬ್ಬರೇ. ಅವಳು ಮದುವೆಯಾಗಲಿಲ್ಲ. “ನನಗೆ ಗಂಡ ಬರಲೇ ಇಲ್ಲ, ನಿಮಗೆ ಬಂದವರು ನಿಲ್ಲಲಿಲ್ಲ, ಲೆಕ್ಕ ಒಂದೇ ಆಯ್ತಲ್ಲ ಅತ್ತಿಗೆ” ಅಂತ ತಮಾಷೆ ಮಾಡುತ್ತಿದ್ದಳು. ಈಚೆಗೆ ಅವಳ ಬಾಯಲ್ಲಿ ತಮಾಷೆ ಕಡಿಮೆ. ಯಾಕೆ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯಬೇಕು, ಓದುವವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ.

ಪುಟ್ಟಿ ಕೆಲಸ ಮಾಡಿದ್ದು ಟೆಲಿಫೋನ್ ಆಫೀಸಿನಲ್ಲಿ. ಒಂದು ಸಲ ಊಟದ ಡಬ್ಬಿ ಕೊಡಲು ಹೋಗಿ ನೋಡಿದ್ದೆ. ಉದ್ದನೆ ಹಲಗೆಯ ಮುಂದೆ ಸಾಲಾಗಿ ಹೆಂಗಸರು, ಕಿವಿಗೊಂದು ಯಂತ್ರ, ಈ ತೂತಿನ ವೈರು ಎತ್ತಿ ಆ ತೂತಿಗೆ ಚುಚ್ಚಿದರೆ ಯಾರೋ ಇಬ್ಬರಿಗೆ ಮಾತು ಕೂಡಿತು. ಎಲ್ಲರ ಮಡಿಲಲ್ಲೂ ಹೆಣಿಗೆ ನೂಲೋ, ಕತೆ ಪುಸ್ತಕವೋ. ನಮ್ಮ ಪುಟ್ಟಿಯ ಮಡಿಲಲ್ಲಿ ಪೇಪರಿನ ತುಂಡು, ಕಿವಿಯ ಹಿಂದೆ ಪೆನ್ಸಿಲ್ಲು. ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಪದಬಂಧದ ಒಂದೊಂದು ಮನೆ ತುಂಬುತ್ತಿದ್ದಳು. ಮೇಲ್ವಿಚಾರಕಿ ಬಂದರೆ ಪೇಪರು ತೊಡೆಯ ಕೆಳಗೆ. “ಯಾರದೋ ಮಾತು ಜೋಡಿಸೋಕೆ ಸಂಬಳ, ನನ್ನ ಪದ ಜೋಡಿಸೋಕೆ ಬೈಗುಳ” ಅನ್ನುವಳು.

ಪದಬಂಧ ಅಂದರೆ ಎಲ್ಲರೂ ಬಿಡಿಸುವ ಸೀದಾ ಪದಬಂಧ ಅಲ್ಲ. ಇವಳದು ಗೂಢ ಪದಬಂಧ. ನನಗೆ ಅದರ ರುಚಿ ಹತ್ತಿಸಿದ್ದು ಅಡಿಗೆಮನೆಯಲ್ಲಿ. ನಾನು ತರಕಾರಿ ಹೆಚ್ಚುತ್ತಿದ್ದೆ, ಅವಳು ಎದುರಿಗೆ ಕೂತು ಓದಿದಳು.

“ಕೇಳಿ ಅತ್ತಿಗೆ. ‘ರಾಜನ ತಲೆ ಹಾರಿಸಿ ಹಿಂಡಿದರೆ ಬರುವುದು.’ ಎರಡು ಅಕ್ಷರ.”

“ರಕ್ತ” ಅಂದೆ. ಎರಡೇ ಅಕ್ಷರ, ನನ್ನ ಲೆಕ್ಕ ಸರಿಯಾಗಿತ್ತು.

ಅವಳು ನಕ್ಕು ನಕ್ಕು ಮೇಜು ಹಿಡಿದುಕೊಂಡಳು. “ನೀವು ಕೊಲೆ ಮಾಡೋಕೇ ಹೊರಟ್ರಿ. ಸುಳಿವು ಹೇಳೋ ಕತೆ ನಂಬಬಾರದು ಅತ್ತಿಗೆ, ಅದರಲ್ಲಿರೋ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ನೋಡಬೇಕು. ಸುಳಿವಿನ ಒಂದು ತುದೀಲಿ ಉತ್ತರದ ಅರ್ಥ ಇರುತ್ತೆ. ಮಿಕ್ಕಿದ್ದರಲ್ಲಿ ಉತ್ತರ ಮಾಡೋ ದಾರಿ ಇರುತ್ತೆ. ಇಲ್ಲಿ ಅರ್ಥ ಯಾವುದು? ಹಿಂಡಿದರೆ ಬರುವುದು. ದಾರಿ ಯಾವುದು? ರಾಜನ ತಲೆ ಹಾರಿಸೋದು. ರಾಜ ಅಂದ್ರೆ ಅರಸ. ಪದದ ಮೊದಲನೇ ಅಕ್ಷರಾನೇ ಅದರ ತಲೆ. ‘ಅ’ ತೆಗೀರಿ.”

“ರಸ.”

“ಹಿಂಡಿದರೆ ಬರುತ್ತೋ ಇಲ್ವೋ? ಎರಡು ಕಡೆಯಿಂದ ಹೋದರೂ ಒಂದೇ ಮನೆ ಬಾಗಿಲಿಗೆ ಬರಬೇಕು. ಒಂದು ಕಡೆಯಿಂದ ಮಾತ್ರ ಬಂದ್ರೆ ಅದು ಬೇರೆಯವರ ಮನೆ.”

ಆಮೇಲೆ ಒಂದೊಂದೇ ಗುಟ್ಟು ಹೇಳಿಕೊಟ್ಟಳು. ‘ಕಲಸಿಹೋದ’, ‘ಚೆಲ್ಲಾಪಿಲ್ಲಿ’ ಅಂತ ಬಂದರೆ ಅಕ್ಷರಗಳನ್ನು ಅದಲುಬದಲು ಮಾಡಬೇಕು. ‘ಯಾರ ಗಡಿ ಕಲಸಿಹೋದರೂ ಹೊತ್ತು ಹೇಳುತ್ತದೆ’, ನಾಲ್ಕು ಅಕ್ಷರ. ಅನ್ನಕ್ಕೆ ಹೊತ್ತಾಯಿತೇನೋ ಅಂತ ಗೋಡೆ ಕಡೆ ನೋಡಿದೆ, ಉತ್ತರ ಅಲ್ಲೇ ನೇತಾಡುತ್ತಿತ್ತು, ಗಡಿಯಾರ. ನಾನು ಬಿಡಿಸಿದ ಮೊದಲ ಸುಳಿವು ಅದು. ‘ಅಡಗಿದೆ’ ಅಂತ ಬಂದರೆ ಉತ್ತರ ಆ ಸಾಲಿನಲ್ಲೇ ಕೂತಿರುತ್ತದೆ. ‘ಜನ ಗರಬಡಿದು ನಿಂತಲ್ಲಿ ಅಡಗಿದೆ ದೊಡ್ಡ ಊರು’ ಅಂದರೆ ಜನದ ಬಾಲ, ಗರದ ಮೈ ಸೇರಿ ನಗರ. ಕಣ್ಣೆದುರಿಗೇ ಇಟ್ಟು ಬಚ್ಚಿಡುವ ವಿದ್ಯೆ ಇದು ಅಂತ ನನಗೆ ಬಹಳ ಸೋಜಿಗ.

ಈ ಸುಳಿವುಗಳನ್ನೆಲ್ಲ ಮಾಡುತ್ತಿದ್ದವರು ನಮ್ಮ ಬೀದಿಯ ತಿರುವಿನ ಔಷಧಿ ಅಂಗಡಿಯವರು. ಎಲ್ಲರೂ ಮಾತ್ರೆಯಣ್ಣ ಅನ್ನುತ್ತಾರೆ. ಭಾನುವಾರದ ಪೇಪರಿನಲ್ಲಿ ಅವರ ಪದಬಂಧ ಬರುತ್ತಿತ್ತು, ಹೆಸರಿಲ್ಲದೆ. ಪುಟ್ಟಿಗೂ ಗೊತ್ತಿರಲಿಲ್ಲ. ಒಂದು ದಿನ ಕೆಮ್ಮಿನ ಔಷಧಿಗೆ ಹೋದವಳು ಅಂಗಡಿಯಲ್ಲಿ ಯಾರ ಹತ್ತಿರವೋ ಅಂದಳಂತೆ: “ಈ ಭಾನುವಾರದ್ದು ಮಾಡಿದವನು ಸಿಕ್ಕರೆ ಕಿವಿ ಹಿಂಡ್ತೀನಿ. ಒಂದು ಸುಳಿವಿಗೆ ಎರಡು ಉತ್ತರ ಬರುತ್ತೆ.” ಮಾತ್ರೆಯಣ್ಣ ಕನ್ನಡಕ ತೆಗೆದು, ಕೌಂಟರಿನ ಮೇಲಿಂದ ಬಗ್ಗಿ, ಕಿವಿ ಮುಂದೆ ಚಾಚಿದರು. “ಹಿಂಡಿ.”

ಅಂದಿನಿಂದ ಅವರ ಪದಬಂಧ ಪೇಪರಿಗೆ ಹೋಗುವ ಮುಂಚೆ ಪುಟ್ಟಿಯ ಕೈಗೆ ಬರತೊಡಗಿತು. ನಾನು ಮಾತ್ರೆ ತರಲು ಹೋದಾಗ ಅದೇ ಕಂದು ಕವರಿನಲ್ಲಿ ಹಾಳೆ ಮಡಿಸಿ ಹಾಕಿಕೊಡುವರು, ಮುಂದಿನ ಸಲ ನಾನೇ ತಿರುಗಿ ಒಯ್ಯುವೆ. ಅವರು ಮೊದಲ ದಿನವೇ ಒಂದು ಕಟ್ಟಳೆ ಮಾಡಿದ್ದರು.

“ಬಿಡಿಸಿ ನೋಡಿ ತಂಗಿ. ಸರಿ ಇದ್ದದ್ದಕ್ಕೆ ಏನೂ ಬರೀಬೇಡಿ. ಸರಿಯಿಲ್ಲ ಅನ್ನಿಸಿದ್ದರ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ, ಅಷ್ಟೇ. ತಿದ್ದೋದು ನನ್ನ ಕೆಲಸ.”

“ಗೊತ್ತಿದ್ದರೂ ತಿದ್ದಬಾರದಾ?”

“ಬಾರದು. ನೀವು ತಿದ್ದಿದ್ರೆ ನಾನು ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಾಗೋದು ಹೇಗೆ?”

ಎಷ್ಟೋ ವರ್ಷ ಹಾಗೇ ನಡೆಯಿತು. ಅವರಿಬ್ಬರ ಜಗಳ ಕೇಳೋಕೇ ಜನ ಅಂಗಡಿಯಲ್ಲಿ ನಿಲ್ಲುತ್ತಿದ್ದರು. ಆ ಪದಕ್ಕೆ ಆ ಅರ್ಥ ಇಲ್ಲ ಅಂತ ಇವಳು, ನಿಮ್ಮ ನಿಘಂಟಿಗೆ ಗೆದ್ದಲು ಹಿಡಿದಿದೆ ಅಂತ ಅವರು. ಅವರ ಹೆಂಡತಿ ಗಲ್ಲಾಪೆಟ್ಟಿಗೆ ಹತ್ತಿರ ಕೂತು, “ಮಾತ್ರೆ ಕೊಟ್ಟು ಜಗಳ ಆಡಿ, ಪಾಪ ಅವರಿಗೆ ಜ್ವರ” ಅನ್ನುವರು.

ಮಾತ್ರೆಯಣ್ಣನ ಇನ್ನೊಂದು ಪದ್ಧತಿ ಹೇಳಬೇಕು. ನನ್ನಂಥ ಓದು ಸರಿಯಾಗಿ ಬಾರದವರಿಗೆ ಕವರಿನ ಮೇಲೆ ಚಿತ್ರ ಬರೆದುಕೊಡುವರು. ಬೆಳಗಿನ ಮಾತ್ರೆಗೆ ಸೂರ್ಯ, ಮಧ್ಯಾಹ್ನದ್ದಕ್ಕೆ ಊಟದ ತಟ್ಟೆ, ರಾತ್ರಿಯದಕ್ಕೆ ಚಂದ್ರ. ನಾನು ಕೂಡಿಸಿ ಓದಬಲ್ಲೆ ಅಂತ ಅವರಿಗೆ ಗೊತ್ತು. ಆದರೂ ಚಿತ್ರವೇ ನನಗೆ ಇಷ್ಟ, ಡಾಕ್ಟರು ಏನು ಹೇಳಿದರು ಅಂತ ನಾನು ತಲೆಯಲ್ಲಿ ಇಟ್ಟುಕೊಳ್ಳುತ್ತಲೇ ಇರಲಿಲ್ಲ.

ಇನ್ನು ಮುಂದಿನದು ನನಗೆ ಆಗ ಗೊತ್ತಿರಲಿಲ್ಲ, ಪುಟ್ಟಿ ಆಮೇಲೆ ಹೇಳಿದ್ದು.

ಮಾತ್ರೆಯಣ್ಣನ ಕೈ ನಡುಗತೊಡಗಿತು. ಅಕ್ಷರ ಪೇಪರಿನವರಿಗೆ ತಿಳಿಯುತ್ತಿಲ್ಲ ಅಂತ ಪುಟ್ಟಿಯೇ ಶುದ್ಧಪ್ರತಿ ಬರೆದು ಅಂಚೆಗೆ ಹಾಕುವುದಾಗಿ ಒಪ್ಪಿಕೊಂಡಳು. ಹಾಗಾಗಿ ಹಾಳೆ ಅವರಿಗೆ ತಿರುಗಿ ಹೋಗುವುದು ನಿಂತಿತು. ತಪ್ಪಿದ್ದರೆ ಇವಳೇ ಅಂಗಡಿಗೆ ಹೋಗಿ ಹೇಳಬೇಕು. ಮೊದಮೊದಲು ಹೇಳಿದಳು. ಅಷ್ಟರಲ್ಲಿ ಬೇರೆ ಥರದ ತಪ್ಪು ಬರಲು ಶುರುವಾಯಿತು. ಮೂರು ಅಕ್ಷರದ ಉತ್ತರಕ್ಕೆ ನಾಲ್ಕು ಅಂತ ಬರೆದಿರುವರು. ಒಂದೇ ಪದ ಒಂದೇ ಪದಬಂಧದಲ್ಲಿ ಎರಡು ಕಡೆ. ಎಡದಿಂದ ಬಂದವರು ಒಂದು ಮನೆಗೆ ‘ಲ’ ಇಟ್ಟು ಹೋದರೆ, ಮೇಲಿಂದ ಬಂದವರಿಗೆ ಅಲ್ಲಿ ‘ಳ’ ಬೇಕು. ಇಂಥದ್ದನ್ನು ಹೊಸಬರು ಕೂಡ ಮಾಡುವುದಿಲ್ಲ.

ಒಂದು ದಿನ ಹಾಳೆ ತೋರಿಸಿ ಪ್ರಶ್ನೆ ಚಿಹ್ನೆಯ ಮೇಲೆ ಬೆರಳಿಟ್ಟಳಂತೆ. ಅವರು ಬಹಳ ಹೊತ್ತು ನೋಡಿದರಂತೆ. “ಇದು ನಾನು ಬರೆದಿದ್ದಾ?” ಅಂದರಂತೆ. ಆ ಮುಖ ನೋಡಲಾರದೆ ಇವಳು, “ಅಯ್ಯೋ ಬಿಡಿ ಅಣ್ಣ, ನನ್ನ ಕಣ್ಣೇ ಸರಿ ಇಲ್ಲ” ಅಂದು ಬಂದುಬಿಟ್ಟಳು.

ಅವತ್ತಿನಿಂದ ಪ್ರಶ್ನೆ ಚಿಹ್ನೆ ಹಾಕಲಿಲ್ಲ. ರಬ್ಬರು ಹಿಡಿದು ಕೂತು ತಾನೇ ಅಳಿಸಿದಳು, ತಾನೇ ಬರೆದಳು, ಶುದ್ಧಪ್ರತಿ ಮಾಡಿ ಕಳಿಸಿದಳು. ಭಾನುವಾರ ಅವರು ಅಚ್ಚಾದದ್ದನ್ನು ನೋಡಿ ಹಿಗ್ಗುವರು.

“ಈ ಸಲವೂ ಒಂದೂ ಪ್ರಶ್ನೆ ಚಿಹ್ನೆ ಇಲ್ಲ, ನೋಡಿದ್ರಾ ತಂಗಿ.”

“ನಿಮ್ಮ ಕೈ ಪಳಗಿಬಿಟ್ಟಿದೆ ಅಣ್ಣ. ನನಗಿನ್ನು ಕೆಲಸ ಇಲ್ಲ.”

ಹೀಗೆ ತಿಂಗಳುಗಟ್ಟಲೆ. ಅವಳಿಗೆ ಅದು ಸುಳ್ಳು ಅನ್ನಿಸಲಿಲ್ಲ. ಬಿದ್ದ ವಸ್ತು ಎತ್ತಿಕೊಟ್ಟ ಹಾಗೆ ಅನ್ನಿಸಿತು.

ನನಗೆ ಸಕ್ಕರೆ ಕಾಯಿಲೆ ಹಳೆಯದು. ಡಾಕ್ಟರು ಹೊಸ ಮಾತ್ರೆ ಬರೆದರು, ನಾನು ಅಂಗಡಿಯಿಂದ ತಂದೆ. ಕವರಿನ ಮೇಲೆ ಚಂದ್ರ. ಮಲಗುವ ಮುಂಚೆ ನುಂಗಿ ಮಲಗಿದೆ. ಬೆಳಗ್ಗೆ ಏಳುವಾಗ ಮೈಯೆಲ್ಲ ಬೆವರು, ಕಾಲು ಹತ್ತಿಯ ಹಾಗೆ. ಬಚ್ಚಲಿನ ಹೊಸ್ತಿಲ ಹತ್ತಿರ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, “ಅಜ್ಜಿ, ಬೆಳಗ್ಗೆ ತಿಂಡಿಗೆ ಮುಂಚೆ ತಗೊಳ್ಳೋ ಮಾತ್ರೆ ರಾತ್ರಿ ತಗೊಂಡಿದ್ದೀರಿ. ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಇನ್ನು ಸ್ವಲ್ಪ ಹೊತ್ತು ಯಾರೂ ನೋಡದೆ ಇದ್ದಿದ್ರೆ ಕಷ್ಟ ಇತ್ತು” ಅಂದರು. ನಾನೂ ತಲೆಯಾಡಿಸಿದೆ. ವಯಸ್ಸಾದವರ ಮೇಲೆ ತಪ್ಪು ಹೊರಿಸಿದರೆ ಅದು ಸಲೀಸಾಗಿ ಕೂತುಕೊಳ್ಳುತ್ತದೆ, ನಮಗೇ ಅನುಮಾನ ಬರುವುದಿಲ್ಲ.

ಪುಟ್ಟಿ ನನ್ನ ಬಟ್ಟೆ ತರಲು ಮನೆಗೆ ಹೋಗಿ ಬಂದಳು. ಬಂದವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಮೇಲಿನ ಪ್ರೀತಿ ಅಂದುಕೊಂಡೆ.

ಮನೆಗೆ ಬಂದ ಮೇಲೆ ಅವಳ ಸೇವೆ ತಡೆಯಲಾರದಷ್ಟಾಯಿತು. ತಲೆ ಬಾಚುವಳು, ಕಾಲು ಒತ್ತುವಳು, ಹಣ್ಣಿನ ಸಿಪ್ಪೆ ಸುಲಿದು ಬೀಜ ತೆಗೆದು ಇಡುವಳು. ಚಮಚ ಹಿಡಿದು ಬಾಯಿಗೆ ಉಣಿಸಲು ಬಂದಾಗ ನಾನು, “ಮುರಿದಿರೋದು ಕೈ ಕಣೆ, ಬಾಯಲ್ಲ. ಎಡಗೈ ನೆಟ್ಟಗಿದೆ” ಅಂದೆ. ನಗುತ್ತಾಳೆ ಅಂತ ಆಡಿದ ಮಾತು. ಅವಳು ತಟ್ಟೆ ಕೆಳಗಿಟ್ಟು ಸೆರಗಲ್ಲಿ ಮುಖ ಮುಚ್ಚಿಕೊಂಡಳು.

“ಕವರಿನ ಮೇಲೆ ಚಂದ್ರ ಇದೆ ಅತ್ತಿಗೆ. ಸೂರ್ಯ ಇರಬೇಕಿತ್ತು. ನೀವು ತಪ್ಪಲಿಲ್ಲ.”

“ಮಾತ್ರೆಯಣ್ಣ ತಪ್ಪಿದ್ರಾ? ಮನುಷ್ಯ ಅಂದ ಮೇಲೆ ಒಂದು ಸಲ ಕೈತಪ್ಪುತ್ತೆ. ಅದಕ್ಕೆ ನೀನು ಯಾಕೆ ಅಳ್ತೀಯ?”

“ಒಂದು ಸಲ ಅಲ್ಲ. ನನಗೆ ಗೊತ್ತಿತ್ತು.”

ಆಗ ಎಲ್ಲ ಹೇಳಿದಳು, ಮೇಲೆ ಬರೆದದ್ದೆಲ್ಲ. ಕೊನೆಗೆ ಇದನ್ನು ಹೇಳಿದಳು: “ನಿಮಗೆ ಮಾತ್ರೆ ಕೊಟ್ಟ ವಾರಾನೇ ಒಂದು ಸುಳಿವು ಬರೆದಿದ್ದರು. ‘ಹಿಂದಕ್ಕೆ ಹರಿದ ನದಿ, ಸಂಜೆಯಿಂದ ಬೆಳಗಿನವರೆಗೆ.’ ನದಿಯ ಅಕ್ಷರ ಹಿಂದುಮುಂದು ಮಾಡಿದ್ರೆ ದಿನ. ಬೆಳಗಿನಿಂದ ಸಂಜೆವರೆಗೆ ಅಂತ ಇರಬೇಕಿತ್ತು. ಹಗಲು ಯಾವುದು ರಾತ್ರಿ ಯಾವುದು ಅನ್ನೋದೇ ಅವರಿಗೆ ಅದಲುಬದಲಾಗಿತ್ತು. ನಾನು ನಕ್ಕೆ ಅತ್ತಿಗೆ. ನಕ್ಕು, ಅಳಿಸಿ, ಸರಿ ಮಾಡಿದೆ. ಮಾರನೇ ದಿನ ಅದೇ ಅಂಗಡಿಗೆ ನಿಮ್ಮನ್ನ ಕಳಿಸಿದೆ.”

ಪರವಾಗಿಲ್ಲ ಬಿಡು ಅನ್ನಬಹುದಿತ್ತು. ಅನ್ನಲಿಲ್ಲ. ಕೈ ನೋಯುತ್ತಿತ್ತು. “ಹೋಗಿ ಅವರಿಗೆ ಹೇಳು” ಅಂದೆ.

“ಹೇಳಿದ್ರೆ ಅವರು ಅಂಗಡಿ ಬಿಡಬೇಕು. ಪದಬಂಧಾನೂ ಬಿಡಬೇಕು. ಆ ಮನುಷ್ಯನಿಗೆ ಇನ್ನೇನು ಉಳಿಯುತ್ತೆ?”

“ಹೇಳದಿದ್ರೆ?”

ಅವಳು ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು.

ಮಾರನೇ ದಿನ ಅವಳು ಮಾಡಿದ ಕೆಲಸ ನಾನು ಕಿಟಕಿಯಿಂದ ನೋಡಿದೆ. ಅಂಗಡಿಯ ಎದುರು ಬದಿಗೆ, ಬೀದಿ ದೀಪದ ಕಂಬದ ಹತ್ತಿರ ನಿಂತಿದ್ದಳು. ಕಂದು ಕವರು ಹಿಡಿದು ಹೊರಗೆ ಬಂದವರನ್ನೆಲ್ಲ ತಡೆಯುವಳು. ಮಗು ಎತ್ತಿಕೊಂಡು ಬಂದ ಹೆಂಗಸಿನ ಸೀಸೆ ಇಸಿದುಕೊಂಡು, ಡಾಕ್ಟರ ಚೀಟಿಯ ಜೊತೆ ಹಿಡಿದು ನೋಡಿ ವಾಪಸು ಕೊಟ್ಟಳು. ಮೂಟೆ ಹೊರುವವನೊಬ್ಬ ಮಾತ್ರ ಕವರು ಬೆನ್ನ ಹಿಂದೆ ಹಿಡಿದುಕೊಂಡ. ಬೀದಿಗೆಲ್ಲ ಕೇಳುವ ಹಾಗೆ, “ನನ್ನ ಮೂಲವ್ಯಾಧಿ ನಿಮಗ್ಯಾಕಮ್ಮ ತೋರಿಸಲಿ?” ಅಂದ. ನಿಂತವರೆಲ್ಲ ನಕ್ಕರು. ಪುಟ್ಟಿ ನಗಲಿಲ್ಲ, ಅವನ ಹಿಂದೆಯೇ ಹೋದಳು. ಬಿಸಿಲಲ್ಲಿ ಅವಳನ್ನು ಹಾಗೆ ನೋಡಿ, ನಾನು ಪರವಾಗಿಲ್ಲ ಅಂತ ಒಂದು ಮಾತು ಹೇಳಬೇಕಿತ್ತು ಅನ್ನಿಸಿತು.

ಸಂಜೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. “ಒಬ್ಬರು ಕವರು ತೋರಿಸದೆ ಆಟೋ ಹತ್ತಿ ಹೋಗಿಬಿಟ್ರು ಅತ್ತಿಗೆ. ಎಷ್ಟು ದಿನ ಅಂತ ಅಲ್ಲಿ ನಿಲ್ಲಲಿ? ನಾಳೆ ಅಂಗಡಿ ತೆಗೆಯೋ ಮುಂಚೆ ಹೋಗ್ತೀನಿ. ನೀವೂ ಬನ್ನಿ. ನಿಮ್ಮ ಕೈ ಪಕ್ಕದಲ್ಲಿದ್ರೆ ನನಗೆ ಮಾತು ತಪ್ಪಿಸಿಕೊಳ್ಳೋಕೆ ಆಗಲ್ಲ.”

ಬೆಳಗ್ಗೆ ಹೋದಾಗ ಶಟರು ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆವು. ಹೆಂಡತಿ ಗಾಜಿನ ಕಪಾಟು ಒರೆಸುತ್ತಿದ್ದರು. ಮಾತ್ರೆಯಣ್ಣ ಕೌಂಟರಿನ ಹಿಂದೆ ಕನ್ನಡಕ ಉಜ್ಜುತ್ತಾ ನಿಂತಿದ್ದರು. ನನ್ನ ಕೈಯ ಪಟ್ಟಿ ನೋಡಿ, “ಇದೇನಮ್ಮ, ಬಿದ್ದಿರಾ? ಯಾರೂ ಹೇಳಲೇ ಇಲ್ಲ” ಅಂದರು.

“ಮೊನ್ನೆ ನಾನೇ ಹೇಳಿದೆನಲ್ಲ” ಅಂದರು ಹೆಂಡತಿ, ತಿರುಗದೆ.

ಪುಟ್ಟಿ ನಿಂತಲ್ಲೇ ಶುರು ಮಾಡಿದಳು. ಪೀಠಿಕೆ ಹಾಕಲಿಲ್ಲ. “ಅಣ್ಣ, ನಿಮ್ಮ ಪದಬಂಧದಲ್ಲಿ ತಪ್ಪು ಬರ್ತಿದೆ. ಬಹಳ ತಿಂಗಳಾಯ್ತು. ನಾನೇ ತಿದ್ದಿ ಕಳಿಸ್ತಿದ್ದೆ. ನಿಮಗೆ ಹೇಳಲಿಲ್ಲ.”

ಅವರು ನಕ್ಕರು. “ಏನು ತಪ್ಪು? ಒಂದು ಹೇಳಿ ನೋಡೋಣ.”

ಅವಳು ಆ ನದಿಯ ಸುಳಿವು ಹೇಳಿದಳು, ಅವರು ಬರೆದಿದ್ದ ಹಾಗೇ. ಅವರು ಥಟ್ಟನೆ, “ದಿನ” ಅಂದರು. “ಸರಿಯಾಗೇ ಇದೆಯಲ್ಲ.” ಆಮೇಲೆ ಸುಳಿವನ್ನು ಮತ್ತೆ ತಮ್ಮೊಳಗೇ ಹೇಳಿಕೊಂಡರು. ಸಂಜೆಯಿಂದ ಅಂದಾಗ ಒಂದು ಬೆರಳು ಮಡಿಸಿದರು, ಬೆಳಗಿನವರೆಗೆ ಅಂದಾಗ ಇನ್ನೊಂದು. ಆ ಬೆರಳನ್ನೇ ನೋಡುತ್ತಾ ನಿಂತುಬಿಟ್ಟರು.

ಹೆಂಡತಿ ಬಟ್ಟೆ ಕೆಳಗಿಟ್ಟು ಬಂದು ನನ್ನ ಕೈ ನೋಡಿದರು. “ಮಾತ್ರೆ ಹೊತ್ತು ತಪ್ಪಿ ತಗೊಂಡು ಬಿದ್ದಿರಿ ಅಂತ ಕೇಳಿದ್ದೆ. ಆ ಮಾತ್ರೆ ಇಲ್ಲಿಂದ ತಗೊಂಡಿದ್ದಾ?”

“ಹೂಂ ಅಕ್ಕ. ಚಂದ್ರ ಬರೆದಿತ್ತು” ಅಂದೆ.

ಅವರು ಕುರ್ಚಿ ಎಳೆದು ಕೂತರು. “ಇವರು ಕೊಟ್ಟ ಪ್ರತಿಯೊಂದು ಕವರನ್ನೂ ನಾನು ಗಲ್ಲಾದ ಹತ್ತಿರ ಇನ್ನೊಂದು ಸಲ ನೋಡಿ ಕಳಿಸ್ತಿದ್ದೆ. ವಯಸ್ಸು, ಕಣ್ಣು ಮಂಜು ಅಂದುಕೊಂಡಿದ್ದೆ. ಆ ವಾರ ತಂಗಿ ಮನೆಗೆ ಹೋಗಿದ್ದೆ.” ಆಮೇಲೆ ಪುಟ್ಟಿಯ ಕಡೆ ತಿರುಗಿದರು. “ನೀವು ಒಂದು ಮಾತು ಹೇಳಿದ್ದಿದ್ರೆ ನಾನು ಹೋಗ್ತಾನೇ ಇರಲಿಲ್ಲ.”

ಪುಟ್ಟಿ ಅವರ ಎದುರಿಗೆ ಕೈ ಮುಗಿದಳು.

ಮಾತ್ರೆಯಣ್ಣ ಮೆಲ್ಲಗೆ ಅಂದರು: “ಹಾಗಾದ್ರೆ ಪೇಪರಲ್ಲಿ ಬಂದಿದ್ದು ನಿಮ್ಮ ಪದಬಂಧ.”

“ಇಲ್ಲ ಅಣ್ಣ, ನಿಮ್ಮದೇ. ನಾನು ಅಲ್ಲೊಂದು ಇಲ್ಲೊಂದು...”

“ಪ್ರಶ್ನೆ ಚಿಹ್ನೆ ಹಾಕಿ ಅಂದಿದ್ದೆ ತಂಗಿ. ತಿದ್ದಿ ಅಂದಿರಲಿಲ್ಲ.” ಕೋಪ ಇರಲಿಲ್ಲ ಆ ಮಾತಿನಲ್ಲಿ. ಕೋಪ ಇದ್ದಿದ್ದರೆ ಪುಟ್ಟಿ ಇಷ್ಟು ಸೊರಗುತ್ತಿರಲಿಲ್ಲ. ಅವರು ಬಿಳಿ ಕೋಟು ಬಿಚ್ಚಿ, ಮಡಿಸಿ, ಕೌಂಟರಿನ ಮೇಲಿಟ್ಟು ಒಳಕೋಣೆಗೆ ಹೋದರು. ಅವತ್ತು ಶಟರು ಪೂರ್ತಿ ಏಳಲಿಲ್ಲ.

ಈಗ ಅಂಗಡಿಯಲ್ಲಿ ಔಷಧಿ ಓದಿದ ಹುಡುಗಿಯೊಬ್ಬಳು ನಿಲ್ಲುತ್ತಾಳೆ. ಸೂರ್ಯ ಚಂದ್ರ ಅವಳಿಗೂ ಕಲಿಸಿದ್ದಾರೆ. ಮಾತ್ರೆಯಣ್ಣನಿಗೆ ಮರೆವಿನ ಕಾಯಿಲೆ ಅಂತ ದೊಡ್ಡ ಡಾಕ್ಟರು ಹೇಳಿದರು. ಮೊದಲೇ ಬಂದಿದ್ದರೆ ಸ್ವಲ್ಪ ನಿಧಾನಿಸಬಹುದಿತ್ತು ಅಂದರಂತೆ. ಆ ಮಾತನ್ನು ಪುಟ್ಟಿಗೆ ಹೇಳಬೇಡಿ ಅಂದಿದ್ದೆ, ಅವರ ಹೆಂಡತಿ ಹೇಳಿಬಿಟ್ಟರು. ಅವರನ್ನೂ ಬೈಯಲಾರೆ. ಪೇಪರಿನಲ್ಲಿ ಈಗ ಬೇರೆ ಯಾರದೋ ಪದಬಂಧ ಬರುತ್ತದೆ. ಪುಟ್ಟಿ ಅದನ್ನು ಮುಟ್ಟುವುದಿಲ್ಲ.

ಆದರೆ ಮಾತ್ರೆಯಣ್ಣ ಒಳಕೋಣೆಯಲ್ಲಿ ಕೂತು ಇನ್ನೂ ಚೌಕ ಗೀಚುತ್ತಾರೆ, ಸುಳಿವು ಬರೆಯುತ್ತಾರೆ. ಪುಟ್ಟಿ ವಾರಕ್ಕೊಮ್ಮೆ ಹೋಗುತ್ತಾಳೆ. ನಾನೂ ಜೊತೆಗೆ ಹೋಗಿ ಬಾಗಿಲ ಹತ್ತಿರ ಕೂರುತ್ತೇನೆ. ಈಗ ಅವಳು ಒಂದನ್ನೂ ತಿದ್ದುವುದಿಲ್ಲ. ಅವರೆದುರಿಗೇ ಬಿಡಿಸಿ, ತಪ್ಪಿದ್ದರ ಪಕ್ಕ ಪ್ರಶ್ನೆ ಚಿಹ್ನೆ ಹಾಕುತ್ತಾಳೆ. ಹಾಳೆ ತುಂಬ ಅವೇ ಆಗುತ್ತವೆ. ಮಗುವಿಗೆ ಸೂಜಿ ಚುಚ್ಚುವಾಗ ತಾಯಿ ಮುಖ ಹೇಗಾಗುತ್ತದೋ, ಇವಳ ಮುಖ ಹಾಗೆ.

ಅವರು ಹಾಳೆ ನೋಡಿ ಪ್ರತಿ ವಾರವೂ ಅದೇ ಕೇಳುತ್ತಾರೆ. “ಇದೇನು ತಂಗಿ, ಇಷ್ಟೊಂದು? ಮೊದಲು ಒಂದೂ ಇರ್ತಿರಲಿಲ್ಲವಲ್ಲ.”

ಪುಟ್ಟಿ ಪ್ರತಿ ವಾರವೂ ಹೇಳುತ್ತಾಳೆ: “ಆಗಲೂ ಇದ್ದವು ಅಣ್ಣ. ನಾನು ಹಾಕಲಿಲ್ಲ. ನಾನೇ ತಿದ್ದಿ ಕಳಿಸ್ತಿದ್ದೆ. ನಿಮಗೆ ಹೇಳಲಿಲ್ಲ.”

ಅವರಿಗೆ ಅದು ಪ್ರತಿ ಸಲವೂ ಹೊಸದು. ಪ್ರತಿ ಸಲವೂ ಮುಖ ಇಳಿಯುತ್ತದೆ, ಪ್ರಶ್ನೆ ಚಿಹ್ನೆ ಹಾಕಿ ಅಂದಿದ್ದೆನಲ್ಲ ಅನ್ನುತ್ತಾರೆ. ಇವಳು ತಲೆ ತಗ್ಗಿಸಿ ಕೂರುತ್ತಾಳೆ.

ಹೋದ ವಾರ ಮೆಟ್ಟಿಲು ಹತ್ತುವಾಗ ನಾನು ಅಂದೆ. “ಎಷ್ಟು ಸಲ ಅಂತ ನಿನ್ನನ್ನ ನೀನು ಹಿಂಡಿಕೊಳ್ತೀಯ ಪುಟ್ಟಿ? ನನ್ನ ಕೈ ವಾಸಿಯಾಯ್ತು. ಅವತ್ತು ಪರವಾಗಿಲ್ಲ ಅನ್ನಲಿಲ್ಲ, ಇವತ್ತು ಅಂತಿದ್ದೀನಿ. ಈ ಸಲ ಕಷ್ಟದ್ದು ಮಾಡಿದ್ದೀರಿ, ನನಗೇ ಬಿಡಿಸೋಕಾಗಲಿಲ್ಲ ಅಂತ ಹೇಳಿಬಿಡು. ಅವರಿಗೂ ಸಮಾಧಾನ. ಹೇಗೂ ನಾಳೆಗೆ ನೆನಪಿರಲ್ಲ.”

ಅವಳು ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದು, ಉಸಿರು ತಗೊಂಡಳು.

“ಅವರಿಗೆ ನೆನಪಿರಲ್ಲ ಅಂತ ಮತ್ತೆ ತಿದ್ದಲಾ ಅತ್ತಿಗೆ?”

ಅವಳು ನನ್ನ ಕೈಯಿಂದ ಚೀಲ ತಗೊಂಡು ಮೇಲೆ ಹತ್ತಿದಳು.